ಬಯಲುಗಾಳಿಗೆ ಎದುರಾದ ಗುಲಾಬಿ: ಬಲೆ ಮೊದಲು ಪಶ್ಚಿಮಕ್ಕೆ, ಆಮೇಲೆ ತಲೆಯ ಮೇಲೆ

ಪ್ರಶ್ನೆ: ಗದಗದ ಹೊರವಲಯದ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಪಶ್ಚಿಮಕ್ಕೆ ಪೂರಾ ಬಯಲು ಹೊಲ, ಅಡ್ಡ ಒಂದು ಗಿಡವೂ ಇಲ್ಲ. ಎರಿ (ಕಪ್ಪು) ಮಣ್ಣು, ಬೋರಿನ ನೀರು. ಕಳೆದ ನವೆಂಬರ್‌ನಲ್ಲಿ ನರ್ಸರಿಯಿಂದ 12 ಗುಲಾಬಿ ತಂದು ನೆಟ್ಟೆ. ಫೆಬ್ರುವರಿವರೆಗೆ ಚೆಂದ ಹೂ ಬಿಟ್ಟವು. ಏಪ್ರಿಲ್‌ನಲ್ಲಿ ಎಲೆಯ ಅಂಚು ಸುಟ್ಟಂತಾಗಿ, ಚಿಗುರು ಹಳದಿಯಾಯಿತು. ಜೂನ್‌ನಲ್ಲಿ ಗಾಳಿ ಶುರುವಾದ ಮೇಲೆ ಎರಡು ಗಿಡ ಕಸಿ ಕಟ್ಟಿದ ಜಾಗದಲ್ಲೇ ಮುರಿದವು, ಉಳಿದವು ಪೂರ್ವಕ್ಕೆ ವಾಲಿವೆ. ಮೂರು ಗಿಡಗಳಲ್ಲಿ ಬುಡದಿಂದ ಉದ್ದನೆಯ ಕೊಂಬೆ ಎದ್ದಿದೆ, ಹೂ ಮಾತ್ರ ಇಲ್ಲ. ಬೂದಿ, ಮೊಟ್ಟೆ ಸಿಪ್ಪೆ, ಚಹಾಪುಡಿ ಹಾಕುತ್ತಿದ್ದೇನೆ. ಮೇಲೆ ಹಸಿರು ನೆರಳು ಬಲೆ ಕಟ್ಟಿದರೆ ಸರಿಹೋದೀತೇ? ಅಥವಾ ನಮ್ಮ ಊರಿಗೆ ಗುಲಾಬಿ ಆಗುವುದೇ ಇಲ್ಲವೇ?

ಉತ್ತರ: ಆಗುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ನಿಮ್ಮ ಗಿಡಗಳೇ ಅದನ್ನು ತೋರಿಸಿಕೊಟ್ಟಿವೆ. ಹುಬ್ಬಳ್ಳಿ-ಧಾರವಾಡದಿಂದ ಗದಗ, ಹಾವೇರಿವರೆಗಿನ ನಮ್ಮ ಚಳಿಗಾಲ ಗುಲಾಬಿಗೆ ಹೇಳಿ ಮಾಡಿಸಿದ್ದು: ಹಗಲು ಹಿತವಾದ ಬಿಸಿಲು, ರಾತ್ರಿ ತಂಪು, ಹಿಮ ಬೀಳುವ ಭಯವಿಲ್ಲ. ಕಷ್ಟವೆಲ್ಲ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ತಿಂಗಳದ್ದು. ಆ ಆರು ತಿಂಗಳನ್ನು ಗಿಡ ದಾಟಬೇಕಾದರೆ ಬಲೆಯನ್ನು ಮೊದಲು ಕಟ್ಟಬೇಕಾದದ್ದು ತಲೆಯ ಮೇಲಲ್ಲ, ಪಶ್ಚಿಮಕ್ಕೆ. ನಿಮ್ಮ ಗಿಡಗಳನ್ನು ಕೆಡಿಸಿದ್ದರಲ್ಲಿ ಬಿಸಿಲಿನ ಪಾಲು ಕಡಿಮೆ. ಗಾಳಿ, ಉಪ್ಪು ನೀರು, ಸುಣ್ಣ ತುಂಬಿದ ಎರಿ ಮಣ್ಣು, ಈ ಮೂರೂ ಕೂಡಿ ಮಾಡಿದ ಕೆಲಸ ಅದು.

ಯಾವುದು ಎಷ್ಟು ಹಾಳು ಮಾಡಿದೆ ಎಂಬುದನ್ನು ಎಲೆಗಳೇ ಹೇಳುತ್ತವೆ. ಕೆಳಗಿನ ಹಳೆಯ ಎಲೆಗಳ ಅಂಚು ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಿದ್ದು, ಕಂದಿಗೂ ಹಸಿರಿಗೂ ನಡುವೆ ಗೆರೆ ಎಳೆದಂತೆ ಕಂಡರೆ ಅದು ನೀರಿನ ಉಪ್ಪು. ಮೇಲಿನ ಎಲೆಗಳು, ಅದರಲ್ಲೂ ಪಶ್ಚಿಮದ ಬದಿಯವು ಹರಿದು, ಮುಳ್ಳು ಗೀಚಿದ ಗೆರೆಗಳಿಂದ ತುಂಬಿ, ತುದಿ ಒಣಗಿದ್ದರೆ ಅದು ಗಾಳಿ. ಹೊಸ ಚಿಗುರಿನ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಸುಣ್ಣದ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಹಳೆಯ ಎಲೆ ನರಗಳ ಸಮೇತ ಪೂರ್ತಿ ಹಳದಿಯಾಗಿ ಉದುರಿದರೆ ಮಾತ್ರ ಸಾರಜನಕದ ಕೊರತೆಯ ಮಾತು ಬರುತ್ತದೆ. ಹಳದಿ ಕಂಡ ಕೂಡಲೇ ಎಲ್ಲರೂ ಯೂರಿಯಾ ಹಾಕುತ್ತಾರೆ. ಚಿಗುರಿನ ಹಳದಿಗೆ ಯೂರಿಯಾ ಮದ್ದಲ್ಲ.

ಇನ್ನು ಗಾಳಿಯ ವಿಷಯ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಅಲ್ಲಿ ಗಾಳಿ ನಂಬಿಗಸ್ತ ಎಂಬ ಕಾರಣಕ್ಕೆ. ಅದೇ ಗಾಳಿ ನಿಮ್ಮ ಅಂಗಳಕ್ಕೂ ಬರುತ್ತದೆ. ರೋಹಿಣಿ ಮಳೆಯ ಹೊತ್ತಿಗೆ (ಮೇ ಕೊನೆ) ಜೋರು ಹಿಡಿದರೆ ಮಘಾ ಮುಗಿಯುವವರೆಗೂ (ಆಗಸ್ಟ್ ಕೊನೆ) ಪಶ್ಚಿಮ, ನೈರುತ್ಯದಿಂದ ಎಡೆಬಿಡದೆ ಬೀಸುತ್ತದೆ. ಮಲೆನಾಡಿನ ಅಂಚಿನ ಧಾರವಾಡದಲ್ಲಿ ಅದರ ಜೊತೆಗೆ ಮಳೆಯಾದರೂ ಇರುತ್ತದೆ. ಗದಗದಲ್ಲಿ ಬಹಳ ದಿನ ಮೋಡ ಮತ್ತು ಗಾಳಿ ಅಷ್ಟೇ, ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ. ಆಕಾಶ ಮೋಡ ಕವಿದು ತಂಪೆನಿಸುವುದರಿಂದ ಜುಲೈನಲ್ಲಿ ಜನ ನೀರು ನಿಲ್ಲಿಸಿಬಿಡುತ್ತಾರೆ. ಗಾಳಿ ಮಾತ್ರ ಎಲೆಯಿಂದ ನೀರು ಹೀರುತ್ತಲೇ ಇರುತ್ತದೆ. ಎಲೆ ಕಳೆದುಕೊಂಡಷ್ಟು ವೇಗದಲ್ಲಿ ಬೇರು ನೀರು ಕಳಿಸಲಾರದು, ಆಗ ನೀರು ಕೊನೆಗೆ ತಲುಪುವ ಜಾಗ, ಅಂದರೆ ಎಲೆಯ ಅಂಚು ಮತ್ತು ಮೊಗ್ಗಿನ ಕತ್ತು, ಮೊದಲು ಸಾಯುತ್ತದೆ. ಜುಲೈನಲ್ಲಿ ಮೊಗ್ಗು ಕಪ್ಪಾಗಿ ಬಾಗುವುದು ಎಷ್ಟೋ ಸಲ ರೋಗವಲ್ಲ, ಇದೇ.

ಎಲೆಗಿಂತ ದೊಡ್ಡ ಹಾನಿ ಬುಡದಲ್ಲಿ ಆಗಿರುತ್ತದೆ. ಒಂದು ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನೆಲದಿಂದ ಒಂದು ಗೇಣು ಮೇಲೆ ಕಾಂಡ ಹಿಡಿದು ಮೆಲ್ಲಗೆ ಆಚೆ ಈಚೆ ಆಡಿಸಿ. ಕಾಂಡ ಮಣ್ಣನ್ನು ಮುಟ್ಟುವ ಜಾಗದಲ್ಲಿ ಬಳೆಯಂಥ ತೆರವು ಕಾಣುತ್ತದೆ. ಕಿರುಬೆರಳು ಹೋಗುವಷ್ಟು ಅಗಲ, ಒಳಗಿನ ಗೋಡೆ ಕಾಂಡ ಉಜ್ಜಿ ಉಜ್ಜಿ ಗಡಿಗೆಯಂತೆ ನುಣುಪಾಗಿರುತ್ತದೆ. ಇಡೀ ದಿನ ಗಾಳಿಗೆ ತೂಗಿದ ಗಿಡ ಎರಿ ಮಣ್ಣಿನಲ್ಲಿ ತನಗೆ ತಾನೇ ತೋಡಿಕೊಂಡ ಕುಣಿ ಅದು. ಪ್ರತಿ ಓಲಾಟಕ್ಕೂ ಹೊಸ ಬಿಳಿ ಬೇರುಗಳು ಕಿತ್ತು ಹೋಗುತ್ತವೆ. ಮಳೆ ಬಂದರೆ ಆ ಬಳೆಯಲ್ಲಿ ನೀರು ನಿಂತು ಕಾಂಡದ ತೊಗಟೆ ಕೊಳೆಯುತ್ತದೆ. ವಾಲಿದ ಗಿಡವನ್ನು ಎತ್ತಿ ಕಟ್ಟಿ ಈ ತೆರವನ್ನು ಹಾಗೇ ಬಿಟ್ಟರೆ ಕಟ್ಟಿದ್ದೂ ವ್ಯರ್ಥ.

ಈಗ ಆಗಸ್ಟ್. ಈ ವಾರ ಮಾಡಬೇಕಾದದ್ದು ಇಷ್ಟು. ಮಳೆ ಬಿಡುವು ಕೊಟ್ಟ ದಿನ, ಬಳೆಯೊಳಗೆ ಒಣ ಮಸಾರಿ (ಕೆಂಪು) ಮಣ್ಣು ಮತ್ತು ದಪ್ಪ ಮರಳನ್ನು ಸಮ ಸಮ ಬೆರೆಸಿ ತುಂಬಿ, ಕೋಲಿನಿಂದ ಜಡಿದು ಗಟ್ಟಿ ಮಾಡಿ. ಎರಿ ಮಣ್ಣನ್ನೇ ಮತ್ತೆ ತುಂಬಬೇಡಿ, ಒಣಗಿದ ಮೇಲೆ ಅದು ಮತ್ತೆ ಬಿರಿಯುತ್ತದೆ. ಪ್ರತಿ ಗಿಡಕ್ಕೆ 4 ಅಡಿಯ ಎರಡು ಬಿದಿರು ಕೋಲು, ಒಂದು ಪಶ್ಚಿಮಕ್ಕೆ, ಒಂದು ದಕ್ಷಿಣಕ್ಕೆ, ಬುಡದಿಂದ ಗೇಣು ದೂರದಲ್ಲಿ ಒಂದೂವರೆ ಅಡಿ ಆಳಕ್ಕೆ ಹುಗಿಯಿರಿ. ಹಳೆಯ ಹತ್ತಿ ಸೀರೆಯ ಎರಡು ಬೆರಳಗಲದ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸುತ್ತಿ, ನಡುವಿನ ಗಂಟು ಕೋಲಿಗೂ ಕಾಂಡಕ್ಕೂ ಮಧ್ಯೆ ಬರುವಂತೆ ಕಟ್ಟಿ. ಪ್ಲಾಸ್ಟಿಕ್ ಹಗ್ಗ, ತಂತಿ ಬೇಡ, ತೊಗಟೆ ಕೊರೆಯುತ್ತವೆ. ಆಮೇಲೆ ಉದ್ದ ಕೊಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ. ಇದು ಚಾಟಣಿ (ಹೂವಿಗಾಗಿ ಕೊಂಬೆ ಸವರುವುದು) ಅಲ್ಲ, ಹಾಯಿ ಇಳಿಸಿದ ಹಾಗೆ. ಮುಂದಿನ ವರ್ಷದಿಂದ ಇದನ್ನು ಮೇ ಕೊನೆಯ ವಾರವೇ ಮಾಡಿಬಿಡಿ.

ಮುರಿದ ಎರಡು ಗಿಡಗಳ ವಿಷಯ. ನರ್ಸರಿ ಗುಲಾಬಿ ಎಂದರೆ ಕಾಡುಗುಲಾಬಿಯ ಬುಡದ ಮೇಲೆ ಕೂರಿಸಿದ ಒಂದೇ ಒಂದು ಕಣ್ಣು. ಮೊದಲ ವರ್ಷ ಆ ಬೆಸುಗೆ ಒಂದು ಪಕ್ಕದಲ್ಲಿ ಮಾತ್ರ ಹಿಡಿದಿರುತ್ತದೆ, ಗಾಳಿ ಒತ್ತಿದರೆ ತೊಗಟೆ ಸಮೇತ ಸಿಗಿದು ಬರುತ್ತದೆ. ಮುರಿದ ಜಾಗದಲ್ಲಿ ಕಸಿಯ ಭಾಗದ ಒಂದಿಂಚಾದರೂ ಹಸಿರಾಗಿ ಉಳಿದಿದ್ದರೆ ಬಿಡಿ, ಅಲ್ಲಿಂದ ಚಿಗುರು ಬರಬಹುದು. ಪೂರ್ತಿ ಕಿತ್ತು ಹೋಗಿದ್ದರೆ ಉಳಿದಿರುವುದು ಕಾಡುಗುಲಾಬಿ ಅಷ್ಟೇ. ಅದನ್ನು ಕಿತ್ತುಬಿಡಿ, ಇಲ್ಲವೇ ಕಣ್ಣು ಕಸಿ ಬಲ್ಲ ಮಾಲಿ ಗುರುತಿನವರಿದ್ದರೆ ಚಳಿಗಾಲದಲ್ಲಿ ಬೇರೆ ಕಣ್ಣು ಕೂರಿಸಿಕೊಳ್ಳಿ.

ಆ ಮೂರು ಗಿಡಗಳ ಹೂವಿಲ್ಲದ ಉದ್ದ ಕೊಂಬೆಯೂ ಕಾಡುಗುಲಾಬಿಯದೇ ಇರಬೇಕು. ಏಳು ಎಲೆ ಇದ್ದರೆ ಕಾಡು, ಐದು ಇದ್ದರೆ ಜಾತಿ ಎಂಬ ಲೆಕ್ಕ ನಂಬಬೇಡಿ, ಒಳ್ಳೊಳ್ಳೆ ತಳಿಗಳಲ್ಲೂ ಏಳೆಲೆ ಬರುತ್ತದೆ. ಮಣ್ಣು ಕೆದಕಿ ಕೊಂಬೆ ಎಲ್ಲಿಂದ ಹುಟ್ಟಿದೆ ಎಂದು ಬೆರಳಿನಿಂದ ಹಿಡಿದು ಹೋಗಿ. ಕಸಿಯ ಗಂಟಿನ ಕೆಳಗಿನಿಂದ ಹುಟ್ಟಿದ್ದರೆ ಕಾಡು. ಅದನ್ನು ಕತ್ತರಿಯಿಂದ ಕತ್ತರಿಸಿದರೆ ಬುಡದ ಕಣ್ಣುಗಳು ಉಳಿದು ಒಂದಕ್ಕೆ ನಾಲ್ಕಾಗುತ್ತವೆ. ದಪ್ಪ ಕೈಗವಸು ಹಾಕಿಕೊಂಡು ಕೆಳಮುಖವಾಗಿ ಜಗ್ಗಿ ಸಿಗಿಯಬೇಕು, ಹುಟ್ಟಿದ ಬುಡದ ಸಮೇತ ಬರಬೇಕು.

ಈಗ ಗಾಳಿತಡೆ. ಗಟ್ಟಿ ಕಾಂಪೌಂಡ್ ಗೋಡೆ ಎತ್ತರಿಸೋಣ ಎಂದು ಅನ್ನಿಸಬಹುದು, ಬೇಡ. ಗೋಡೆಗೆ ಬಡಿದ ಗಾಳಿ ನಿಲ್ಲುವುದಿಲ್ಲ, ಮೇಲೆ ಹಾರಿ ಆಚೆ ಬದಿ ಸುಳಿಯಾಗಿ ಕೆಳಗಿಳಿದು ಗಿಡವನ್ನು ಎಲ್ಲ ದಿಕ್ಕಿನಿಂದಲೂ ತಿರುಚುತ್ತದೆ. ಅರ್ಧ ಗಾಳಿಯನ್ನು ಒಳಗೆ ಬಿಟ್ಟು ಅರ್ಧ ತಡೆಯುವ ತಡೆಯೇ ಒಳ್ಳೆಯ ತಡೆ. 50 ಪರ್ಸೆಂಟಿನ ನೆರಳು ಬಲೆ ಈ ಕೆಲಸಕ್ಕೆ ಸರಿಯಾಗಿ ಒದಗುತ್ತದೆ, 75ರ ಬಲೆ ಗೋಡೆಯಂತಾಗುತ್ತದೆ. ಇಂಥ ತಡೆಯ ಹಿಂದೆ ಅದರ ಎತ್ತರದ ಐದು ಪಟ್ಟು ದೂರದವರೆಗೆ ಒಳ್ಳೆಯ ಆಸರೆ ಸಿಗುತ್ತದೆ, ಹತ್ತು ಪಟ್ಟು ದೂರದ ಹೊತ್ತಿಗೆ ಕ್ಷೀಣಿಸುತ್ತದೆ. 6 ಅಡಿ ಎತ್ತರ ಕಟ್ಟಿದರೆ 30 ಅಡಿ ನೆಮ್ಮದಿ. ಮನೆಯಂಗಳಕ್ಕೆ ಅದು ಧಾರಾಳ.

ಕಟ್ಟುವ ಮುನ್ನ ಒಂದು ಸಣ್ಣ ಪರೀಕ್ಷೆ. ಅಂಗಳದ ಏಳೆಂಟು ಕಡೆ ಕೋಲು ನೆಟ್ಟು, ಎರಡು ಅಡಿ ಎತ್ತರದಲ್ಲಿ ಬಟ್ಟೆಯ ಪಟ್ಟಿ ಕಟ್ಟಿ ಎರಡು ದಿನ ಮಧ್ಯಾಹ್ನ ನೋಡಿ. ಮನೆಯ ಮೂಲೆ, ಗೇಟಿನ ಎದುರು, ಎರಡು ಮನೆಗಳ ಸಂದು, ಇಲ್ಲೆಲ್ಲ ಗಾಳಿ ಬಯಲಿಗಿಂತ ಜೋರಾಗಿ ನುಗ್ಗುತ್ತದೆ. ಅಲ್ಲಿ ಗುಲಾಬಿ ಇಡಲೇಬಾರದು.

ಕಂಬಕ್ಕೆ ಒಂದೂವರೆ ಇಂಚಿನ ಜಿ.ಐ. ಪೈಪು, ಉದ್ದ 8 ಅಡಿ, ಎರಡು ಅಡಿ ನೆಲದೊಳಗೆ, ಕಂಬಕ್ಕೂ ಕಂಬಕ್ಕೂ 6 ಅಡಿ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಬರೀ ಮಣ್ಣಿನಲ್ಲಿ ಹುಗಿದ ಕಂಬ ಒಂದೇ ವರ್ಷಕ್ಕೆ ಸಡಿಲಾಗುತ್ತದೆ, ಕಾಂಕ್ರೀಟ್ ಹಾಕಲೇಬೇಕು. ಮೇಲೆ, ನಡುವೆ, ಕೆಳಗೆ ಮೂರು ಸಾಲು ದಪ್ಪ ಜಿ.ಐ. ತಂತಿ ಬಿಗಿಯಿರಿ. ಬಲೆಯನ್ನು ತಂತಿಯ ಪಶ್ಚಿಮ ಬದಿಗೆ, ಅಂದರೆ ಗಾಳಿ ಬರುವ ಬದಿಗೆ ಹಾಕಬೇಕು. ಆಗ ಗಾಳಿ ಬಲೆಯನ್ನು ತಂತಿಗೆ ಒತ್ತುತ್ತದೆ, ಭಾರವನ್ನು ತಂತಿ ಹೊರುತ್ತದೆ. ಒಳಬದಿಗೆ ಹಾಕಿದರೆ ಎಲ್ಲ ಭಾರ ಕಟ್ಟಿದ ದಾರಗಳ ಮೇಲೆ ಬಿದ್ದು ಒಂದೇ ಬಿರುಗಾಳಿಗೆ ಬಲೆ ಹರಿಯುತ್ತದೆ. ಅಂಚನ್ನು ಎರಡು ಮಡಿಕೆ ಮಡಚಿ ಗೇಣಿಗೊಂದು ಕಟ್ಟು ಹಾಕಿ. ಬಲೆ ಗುಲಾಬಿ ಇರುವ ಮಡಿಯ (ಪಾತಿಯ) ಎರಡೂ ತುದಿಯಿಂದ 5-6 ಅಡಿ ಆಚೆಗೂ ಚಾಚಿರಬೇಕು, ಇಲ್ಲದಿದ್ದರೆ ತುದಿಯಿಂದ ಗಾಳಿ ಸುತ್ತಿಕೊಂಡು ಬರುತ್ತದೆ.

ಬಲೆ ಮೂರ್ನಾಲ್ಕು ವರ್ಷಕ್ಕೆ ಬಿಸಿಲಿಗೆ ಪಿಸಿಯುತ್ತದೆ. ಅಷ್ಟರೊಳಗೆ ಜೀವಂತ ಬೇಲಿ ಎದ್ದು ನಿಲ್ಲಲಿ. ಸವಣೂರಿನ ಕಡೆಯ ಎಲೆತೋಟಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು, ವೀಳ್ಯದ ಬಳ್ಳಿ ಗಾಳಿಗೆ ಒಂದು ದಿನವೂ ತಾಳದು, ಚೊಗಚೆ, ನುಗ್ಗೆಯ ಆಸರೆಯಲ್ಲೇ ಅದು ಬದುಕುವುದು. ಗುಲಾಬಿಗೆ ಗೋರಂಟಿ, ಅಂದರೆ ಮದರಂಗಿ ಒಳ್ಳೆಯದು: ಎರಿ ಮಣ್ಣಿಗೂ ಬರಕ್ಕೂ ಜಗ್ಗದು, ಕತ್ತರಿಸಿದಷ್ಟೂ ಒತ್ತಾಗುತ್ತದೆ. ಬಲೆಯ ಪಶ್ಚಿಮಕ್ಕೆ ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಒಂದರ ಸಂದಿಗೆ ಇನ್ನೊಂದು ಬರುವಂತೆ. ಗುಲಾಬಿಯಿಂದ 6 ಅಡಿಯಾದರೂ ದೂರವಿರಲಿ, ವರ್ಷಕ್ಕೊಮ್ಮೆ ನಡುವೆ ಒಂದು ಅಡಿ ಆಳದ ಹರಿ ತೆಗೆದು ಈಚೆ ಬರುವ ಬೇರುಗಳನ್ನು ಕಡಿಯಿರಿ. ತೊಗರಿ ಬಿತ್ತಿದರೆ ಬೇಗ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಮೃಗಶಿರಕ್ಕೆ (ಜೂನ್) ಬಿತ್ತಿದ ತೊಗರಿ ಎದೆಯೆತ್ತರ ಆಗುವ ಹೊತ್ತಿಗೆ ಗಾಳಿಯೇ ಮುಗಿದಿರುತ್ತದೆ. ನೀಲಗಿರಿ, ಸುಬಾಬುಲ್ ಹತ್ತಿರವೂ ಬೇಡ.

ಮಣ್ಣಿಗೆ ಬರೋಣ. ಎರಿ ಮಣ್ಣು ಜೋಳ, ಕಡಲೆ, ಹತ್ತಿಗೆ ತಾಯಿ. ಗುಲಾಬಿಗೆ ಮಾತ್ರ ಮೂರು ರೀತಿ ತೊಂದರೆ ಕೊಡುತ್ತದೆ. ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ, ಮಳೆಗಾಲದಲ್ಲಿ ಅಂಟಾಗಿ ಬೇರಿಗೆ ಉಸಿರು ಕಟ್ಟಿಸುತ್ತದೆ, ವರ್ಷವಿಡೀ ಸುಣ್ಣ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗುಲಾಬಿ ಕೇಳುವುದು 6ರಿಂದ 7ರ ಒಳಗಿನ ಪಿ.ಎಚ್. (ಮಣ್ಣಿನ ಹುಳಿ-ಕ್ಷಾರದ ಅಳತೆ). ನಮ್ಮ ಎರಿ ಮಣ್ಣು ಸಾಮಾನ್ಯವಾಗಿ 8ರ ಮೇಲೆ. ಒಂದು ಚಮಚ ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ, ಬುಸ್ಸೆಂದು ನೊರೆ ಬಂದರೆ ಬಿಡಿಸುಣ್ಣ ಇದೆ. ಅಂಥ ಮಣ್ಣಿಗೆ ಗಂಧಕ ಹಾಕಿ ಪಿ.ಎಚ್. ಇಳಿಸುತ್ತೇವೆ ಎನ್ನುವುದು ಹಣ ದಂಡ. ಸುಣ್ಣ ಇರುವಷ್ಟು ಕಾಲ ಅದು ಹುಳಿಯನ್ನು ನುಂಗುತ್ತಲೇ ಇರುತ್ತದೆ. ಅದೇ ಕಾರಣಕ್ಕೆ ನೀವು ಹಾಕುತ್ತಿರುವ ಮೊಟ್ಟೆ ಸಿಪ್ಪೆ, ಬೂದಿ ಎರಡನ್ನೂ ಇಂದೇ ನಿಲ್ಲಿಸಿ. ಮೊಟ್ಟೆ ಸಿಪ್ಪೆ ಎಂದರೆ ಸುಣ್ಣವೇ, ಬೂದಿ ಇನ್ನೂ ಹೆಚ್ಚು ಕ್ಷಾರ. ಮಂಗಳೂರಿನ ಹುಳಿ ಮಣ್ಣಿಗೆ ಹೇಳಿದ ಸಲಹೆಯನ್ನು ಗದಗದಲ್ಲಿ ಪಾಲಿಸಿದಂತಾಯಿತು. ಎಲುಬಿನ ಪುಡಿಯೂ ಈ ಮಣ್ಣಿನಲ್ಲಿ ಕರಗುವುದಿಲ್ಲ. ಚಹಾಪುಡಿಯನ್ನು ಹಾಲು ಸಕ್ಕರೆ ಹೋಗುವಂತೆ ತೊಳೆದು ಒಣಗಿಸಿ ಹಾಕಿದರೆ ತೊಂದರೆಯಿಲ್ಲ, ಅದರಿಂದ ದೊಡ್ಡ ಲಾಭವೂ ಇಲ್ಲ.

ಎರಿ ಮಣ್ಣಿನಲ್ಲಿ ಎರಡಡಿ ಗುಂಡಿ ತೋಡಿ ಒಳಗೆ ಕೆಂಪು ಮಣ್ಣು ತುಂಬುವುದು ಎಲ್ಲರೂ ಮಾಡುವ ತಪ್ಪು. ಸುತ್ತಲಿನ ಎರಿ ನೀರು ಬಿಡುವುದಿಲ್ಲ, ಗುಂಡಿ ಬಾನಿಯಂತಾಗಿ ಹಸ್ತಾ ಮಳೆಗೆ ಬೇರು ಮುಳುಗಿ ಕೂರುತ್ತದೆ. ನೆಲದ ಮೇಲೆಯೇ ಎತ್ತರದ ಮಡಿ ಕಟ್ಟಿ. ನಿಮ್ಮ ಹತ್ತು ಗಿಡಗಳಿಗೆ 4 ಅಡಿ ಅಗಲ, 15 ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಒಂದು ಮಡಿ ಸಾಕು: ಎರಡು ಸಾಲು, ಸಾಲಿಗೆ ಐದು, ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ಅಂಚಿಗೆ ಸೈಜುಕಲ್ಲು ಇಡಿ, ಸಿಮೆಂಟ್ ಹಾಕದೆ ಸಂದು ಬಿಡಿ. ಇದು 90 ಘನ ಅಡಿ, ಒಂದು ಬ್ರಾಸಿಗೆ (100 ಘನ ಅಡಿ) ತುಸು ಕಡಿಮೆ. ಅರ್ಧ ಬ್ರಾಸ್ ಮಸಾರಿ ಮಣ್ಣು, ಕಾಲು ಬ್ರಾಸ್ ಪೂರ್ತಿ ಕಳಿತ ತಿಪ್ಪೆ ಗೊಬ್ಬರ, ಕಾಲು ಬ್ರಾಸ್ ದಪ್ಪ ಮರಳು ಅಥವಾ ಜರಡಿ ಹಿಡಿದ ಸಣ್ಣ ಗರಸು (ಹರಳುಕಲ್ಲಿನ ಒರಟು ಮಣ್ಣು) ತರಿಸಿಕೊಂಡರೆ ಕುಗ್ಗುವಷ್ಟಕ್ಕೂ ಸಾಲುತ್ತದೆ. ಮಸಾರಿ ಮಣ್ಣಿಗೂ ಗರಸಿಗೂ ವಿನೆಗರ್ ಪರೀಕ್ಷೆ ಮಾಡಿಯೇ ಟ್ರ್ಯಾಕ್ಟರ್ ಇಳಿಸಿಕೊಳ್ಳಿ, ನಮ್ಮ ಕಡೆಯ ಗರಸಿನಲ್ಲಿ ಸುಣ್ಣದ ಹರಳು ಇರುವುದು ಉಂಟು.

ತಳದ ಎರಿ ನೆಲವನ್ನು ಮೊದಲು ಗುದ್ದಲಿಯಿಂದ ಒಂದು ಅಡಿ ಅಗೆದು ಹೆಂಟೆ ಹೆಂಟೆಯಾಗಿ ಬಿಡಿ, ಮಡಿಯ ಜಾಗಕ್ಕೆ ಒಟ್ಟು 3 ಕಿಲೋ ಜಿಪ್ಸಂ ಹರಡಿ. ಜಿಪ್ಸಂ ಪಿ.ಎಚ್. ಇಳಿಸುತ್ತದೆಂದು ಅಲ್ಲ, ಸೋಡಿಯಂ ಹೆಚ್ಚಿರುವ ಎರಿಯ ಅಂಟು ಬಿಡಿಸಿ ನೀರು ಇಳಿಯಲು ಬಿಡುತ್ತದೆಂದು. ಮೊದಲ ನಾಲ್ಕಾರು ಇಂಚು ಹೊಸ ಮಣ್ಣನ್ನು ಈ ಹೆಂಟೆಗಳ ಜೊತೆ ಕಲಸಿ, ಆಮೇಲೆ ಮೇಲೆ ತುಂಬುತ್ತ ಬನ್ನಿ. ಎರಡು ಮಣ್ಣು ಕತ್ತರಿಸಿಟ್ಟಂತೆ ಒಂದರ ಮೇಲೊಂದು ಕೂತರೆ ನೀರು ಆ ಗೆರೆಯಲ್ಲೇ ನಿಲ್ಲುತ್ತದೆ. ಇಳಿಜಾರಿನ ಬದಿಗೆ ಒಂದು ಹರಿ ತೆಗೆದು ನೀರಿಗೆ ದಾರಿ ಮಾಡಿ. ನೆಡುವಾಗ ಗಿಡಕ್ಕೆ 250 ಗ್ರಾಂ ಬೇವಿನ ಹಿಂಡಿ ಮತ್ತು 100 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್ ಬೇರಿನ ಸುತ್ತಲ ಮಣ್ಣಿಗೆ ಬೆರೆಸಿ. ಮಸಾರಿ ಮಣ್ಣಿಗೆ ಗೆದ್ದಲು ಬೇಗ ಬರುವುದರಿಂದ ಬೇವಿನ ಹಿಂಡಿ ತಪ್ಪಿಸಬೇಡಿ.

ಈಗಿನ ಗಿಡಗಳನ್ನು ಹೊಸ ಮಡಿಗೆ ಎತ್ತಿಡಲು ಹಸ್ತಾ ಮತ್ತು ಚಿತ್ತಾ ಮಳೆಯ ನಡುವಿನ ದಿನಗಳು, ಅಂದರೆ ಅಕ್ಟೋಬರ್ ಮೊದಲ ಪಕ್ಷ, ಸರಿಯಾದ ಕಾಲ. ಹಿಂದಿನ ದಿನ ನೀರು ಕೊಟ್ಟು, ಕೊಂಬೆಗಳನ್ನು ಒಂದೂವರೆ ಅಡಿಗೆ ಇಳಿಸಿ, ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಅಗೆದು ಮಣ್ಣಿನ ಮುದ್ದೆಯ ಸಮೇತ ಗೋಣಿಚೀಲದ ಮೇಲೆ ಎತ್ತಿ. ಕಸಿಯ ಗಂಟು ಹೊಸ ಮಣ್ಣಿನಿಂದ ಎರಡು ಇಂಚು ಮೇಲೆ ಇರಲಿ. ಚಳಿ ದೇಶದವರು ಹಿಮದಿಂದ ಕಾಯಲು ಗಂಟನ್ನು ಹೂಳುತ್ತಾರೆ. ನಮ್ಮಲ್ಲಿ ಹೂತರೆ ಕಸಿಯ ಭಾಗ ಕೊಳೆಯುತ್ತದೆ, ಕಾಡುಕೊಂಬೆ ಎದ್ದರೂ ಕಣ್ಣಿಗೆ ಬೀಳದು.

ನೀರಿನ ಲೆಕ್ಕವನ್ನು ಕುಡಿಯುವ ನೀರಿನ ಫಿಲ್ಟರ್ ರಿಪೇರಿಯವರ ಹತ್ತಿರ ಇರುವ ಟಿ.ಡಿ.ಎಸ್. (ನೀರಲ್ಲಿ ಕರಗಿದ ಉಪ್ಪಿನ ಅಳತೆ) ಪೆನ್ನಿನಿಂದಲೇ ಶುರು ಮಾಡಬಹುದು. ಬೋರಿನ ನೀರು 600ರ ಒಳಗಿದ್ದರೆ ಚಿಂತೆಯಿಲ್ಲ. 600ರಿಂದ 1,200ರವರೆಗೆ ಜಾಣತನದಿಂದ ಬಳಸಬಹುದು. ಅದಕ್ಕಿಂತ ಮೇಲಿದ್ದರೆ ಮಳೆನೀರು ಬೆರೆಸದೆ ಗುಲಾಬಿಗೆ ಕೊಡಬೇಡಿ. ಸೋಡಿಯಂ, ಕ್ಲೋರೈಡ್ ಬಿಡಿಬಿಡಿಯಾಗಿ ತಿಳಿಯಬೇಕಾದರೆ ನೀರು, ಮಣ್ಣು ಎರಡನ್ನೂ ಲ್ಯಾಬಿಗೆ ಕೊಡಬೇಕು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿ. ಆರ್.ಒ. ಯಂತ್ರದಿಂದ ಹೊರಬರುವ ನೀರನ್ನು ಗಿಡಕ್ಕೆ ಬಿಡುವ ರೂಢಿ ಈಗ ಎಲ್ಲ ಮನೆಯಲ್ಲೂ ಬಂದಿದೆ. ಬೋರಿನ ಉಪ್ಪೆಲ್ಲ ಗಟ್ಟಿಯಾಗಿ ಸೇರಿರುವ ನೀರು ಅದು, ಗುಲಾಬಿಗೆ ಬೇಡವೇ ಬೇಡ. ನೀರು ಮೆದು ಮಾಡುವ ಸಾಫ್ಟನರ್ ನೀರು ಅದಕ್ಕಿಂತ ಕೆಟ್ಟದ್ದು, ಸುಣ್ಣದ ಬದಲಿಗೆ ಸೋಡಿಯಂ ತುಂಬಿರುತ್ತದೆ.

ಮಳೆನೀರಿನ ಲೆಕ್ಕ ನೋಡಿ. ಸಾವಿರ ಚದರಡಿ ತಾರಸಿಗೆ ವರ್ಷದಲ್ಲಿ 600 ಮಿಲಿಮೀಟರ್ ಮಳೆ ಬಿದ್ದು ನೂರಕ್ಕೆ 80ರಷ್ಟು ಕೈಗೆ ಸಿಕ್ಕಿದರೂ ಸುಮಾರು 44,000 ಲೀಟರ್. ಹತ್ತು ಗಿಡಕ್ಕೆ ದಿನಕ್ಕೆ ತಲಾ 3 ಲೀಟರಿನಂತೆ ಮಾರ್ಚ್‌ನಿಂದ ಮೇವರೆಗೆ ಬೇಕಾದದ್ದು 2,760 ಲೀಟರ್. ಮೂರು ಸಾವಿರ ಲೀಟರಿನ ಒಂದು ಟ್ಯಾಂಕನ್ನು ಚಿತ್ತಾ, ಸ್ವಾತಿ ಮಳೆಗೆ ತುಂಬಿ, ಮುಚ್ಚಿಟ್ಟು, ಬೇಸಿಗೆಗೆ ಮೀಸಲಿಟ್ಟರೆ ಎಲೆ ಸುಡುವ ಕಾಟ ಬಹುಪಾಲು ತೀರುತ್ತದೆ.

ಕೊಡುವ ರೀತಿಯೂ ಮುಖ್ಯ. ದಿನಾ ಸಂಜೆ ಪೈಪು ಹಿಡಿದು ಮೇಲೆ ಮೇಲೆ ಚಿಮುಕಿಸಿದರೆ ನೀರು ಎರಡು ಇಂಚು ಇಳಿದು ಆವಿಯಾಗಿ, ಉಪ್ಪು ಮಾತ್ರ ಬೇರಿನ ಹತ್ತಿರ ಉಳಿಯುತ್ತದೆ. ಎಲೆಯ ಮೇಲೆ ಬಿದ್ದ ಉಪ್ಪು ನೀರು ಎಲೆಯನ್ನೇ ಸುಡುತ್ತದೆ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಗಿಡಕ್ಕೆ 8-10 ಲೀಟರ್, ಬೆಳಿಗ್ಗೆ. ಹನಿ ನೀರಾವರಿ ಹಾಕಿಸಿದರೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್, ಬುಡದ ಎರಡು ಬದಿಗೆ, ಒಂದು ಗಂಟೆ ಓಡಿಸಿ. ಬೋರಿನ ನೀರನ್ನೇ ಬಳಸುವವರು ಮೂರು ವಾರಕ್ಕೊಮ್ಮೆ ಗಿಡಕ್ಕೆ 25-30 ಲೀಟರ್ ಒಮ್ಮೆಲೇ ಕೊಟ್ಟು ಕೂಡಿದ ಉಪ್ಪನ್ನು ಕೆಳಗೆ ತೊಳೆಯಬೇಕು. ಎತ್ತರದ ಮಡಿಯಲ್ಲಿ ಮಾತ್ರ ಇದು ಸಾಧ್ಯ, ಎರಿ ಗುಂಡಿಯಲ್ಲಿ ಮಾಡಿದರೆ ಬೇರು ಕೊಳೆಯುತ್ತದೆ.

ಹೊದಿಕೆಗೆ ನಮ್ಮ ಜಿಲ್ಲೆಯಲ್ಲಿ ಶೇಂಗಾ ಹೊಟ್ಟಿಗೆ ಬರವೇ? ಮೂರು ಇಂಚು ಹರಡಿ, ಕಾಂಡದ ಸುತ್ತ ನಾಲ್ಕು ಇಂಚು ಖಾಲಿ ಬಿಡಿ. ಹೊಟ್ಟು ಹಗುರ, ಒಂದೇ ಗಾಳಿಗೆ ಪಕ್ಕದ ಮನೆ ಸೇರುತ್ತದೆ. ಮೇಲೆ ಕಬ್ಬಿನ ರವದಿ (ಒಣ ಸೋಗೆ) ಅಥವಾ ಜೋಳದ ದಂಟು ಅಡ್ಡ ಹಾಸಿ ಕಲ್ಲು ಹೇರಿ.

ತಲೆಯ ಮೇಲಿನ ಬಲೆ ಬೇಡವೆಂದಲ್ಲ. ಏಪ್ರಿಲ್, ಮೇ ಎರಡು ತಿಂಗಳು, 35 ಪರ್ಸೆಂಟಿನದು, 7-8 ಅಡಿ ಎತ್ತರದಲ್ಲಿ, ಮಧ್ಯಾಹ್ನ 12ರಿಂದ 4ರವರೆಗಿನ ಬಿಸಿಲು ತಡೆಯುವಂತೆ ಪಶ್ಚಿಮಕ್ಕೆ ವಾಲಿಸಿ ಕಟ್ಟಿ. ಮೇ ಕೊನೆಗೆ ಬಿಚ್ಚಿಡಲೇಬೇಕು. ಮುಂಗಾರಿನ ಗಾಳಿಗೆ ಅದು ಹಾಯಿಯಾಗಿ ಕಂಬಗಳನ್ನೇ ಕೀಳುತ್ತದೆ, ಮೋಡದ ದಿನಗಳಲ್ಲಿ ನೆರಳು ಹೆಚ್ಚಾಗಿ ಗಿಡ ಸೊರಗಿ ಉದ್ದವಾಗುತ್ತದೆ. ಏಪ್ರಿಲ್-ಮೇನಲ್ಲಿ ಚಾಟಣಿ ಮಾಡಬೇಡಿ, ರಸಗೊಬ್ಬರ ಹಾಕಬೇಡಿ, ಬರುವ ಮೊಗ್ಗುಗಳನ್ನು ಬಟಾಣಿ ಗಾತ್ರದಲ್ಲೇ ಚಿವುಟಿ. ಆ ಕಾಲದ ಹೂ ಹೇಗಿದ್ದರೂ ಸಣ್ಣದು, ಬಣ್ಣಗೆಟ್ಟದ್ದು, ಗಿಡದ ಶಕ್ತಿಯನ್ನು ಅದಕ್ಕೆ ಕಳೆಯುವುದು ಬೇಡ.

ನಿಜವಾದ ಚಾಟಣಿ ಅಕ್ಟೋಬರ್ ಮಧ್ಯದಿಂದ ಕೊನೆಯೊಳಗೆ. ಒಣಗಿದ್ದು, ಪೆನ್ಸಿಲ್‌ಗಿಂತ ಸಣಕಲಾದದ್ದು, ಒಳಮುಖವಾಗಿ ಬೆಳೆದದ್ದು ತೆಗೆದು, ಮೂರ್ನಾಲ್ಕು ಗಟ್ಟಿ ಕೊಂಬೆ ಉಳಿಸಿ, ಪ್ರತಿಯೊಂದರಲ್ಲೂ ಐದಾರು ಕಣ್ಣು ಬಿಟ್ಟು, ಹೊರಮುಖದ ಕಣ್ಣಿನಿಂದ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಅಕ್ಟೋಬರ್‌ನಲ್ಲಿ ಎತ್ತಿ ನೆಟ್ಟ ಗಿಡಗಳಿಗೆ ಈ ವರ್ಷ ಮತ್ತೆ ಕತ್ತರಿ ಬೇಡ, ಎತ್ತುವಾಗ ಇಳಿಸಿದ್ದೇ ಸಾಕು. ಕತ್ತರಿಸಿದ ಮುಖ ನೋಡಿ: ನಡುವಿನ ತಿರುಳು ಬೆಳ್ಳಗಿರಬೇಕು. ಕಂದಾಗಿದ್ದರೆ ತುದಿ ಒಣಗುವ ರೋಗ ಒಳಗೆ ಇಳಿದಿದೆ, ಬಿಳಿ ತಿರುಳು ಸಿಗುವವರೆಗೆ, ಅದರಿಂದ ಇನ್ನೂ ಎರಡು ಇಂಚು ಕೆಳಗೆ ಹೋಗಿ ಕತ್ತರಿಸಿ. ಗಾಳಿಗೆ ಕೊಂಬೆ ಕೊಂಬೆ ಉಜ್ಜಿ ಗಾಯವಾದ ಗಿಡಗಳಿಗೆ ಈ ರೋಗ ಹೆಚ್ಚು, ಆದ್ದರಿಂದ ನಿಮ್ಮವನ್ನು ಒಂದೊಂದೇ ಪರೀಕ್ಷಿಸಬೇಕು. ಗಾಯಗಳಿಗೆ ಕಾಪರ್ ಆಕ್ಸಿಕ್ಲೋರೈಡನ್ನು ಗಂಧದ ಹದಕ್ಕೆ ಕಲಸಿ ಹಚ್ಚಿ, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಚಾಟಣಿಯಾದ ಆರೇಳು ವಾರಕ್ಕೆ, ಡಿಸೆಂಬರ್ ಹೊತ್ತಿಗೆ ಹೂ.

ಚಿಗುರು ಎರಡು ಇಂಚಾದ ಮೇಲೆ ಗೊಬ್ಬರ. ಗಿಡಕ್ಕೆ 5 ಕಿಲೋ ತಿಪ್ಪೆ ಗೊಬ್ಬರ, ಆಮೇಲೆ ಫೆಬ್ರುವರಿವರೆಗೆ ಮೂರು ವಾರಕ್ಕೊಮ್ಮೆ 20 ಗ್ರಾಂ ಅಮೋನಿಯಂ ಸಲ್ಫೇಟ್ ಮತ್ತು 10 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್, ನೀರು ಕೊಟ್ಟ ಮಣ್ಣಿಗೆ, ಬುಡದಿಂದ ಗೇಣು ದೂರ. ಯೂರಿಯಾಕ್ಕಿಂತ ಅಮೋನಿಯಂ ಸಲ್ಫೇಟ್ ಯಾಕೆಂದರೆ ಅದು ಬೇರಿನ ಸುತ್ತ ತುಸು ಹುಳಿ ಮಾಡುತ್ತದೆ. ಅಂಗಡಿಯ ಕೆಂಪು ಪೊಟ್ಯಾಷ್ ಬೇಡ, ಅದರ ಕ್ಲೋರೈಡ್ ನಿಮ್ಮ ನೀರಿನ ಉಪ್ಪಿಗೆ ಇನ್ನಷ್ಟು ಉಪ್ಪು ಸೇರಿಸುತ್ತದೆ. ಚಿಗುರಿನ ಹಳದಿಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆಹುಳಿ ಹರಳು ಕರಗಿಸಿ ಸಂಜೆ ಎಲೆಯ ಎರಡೂ ಮೈಗೆ ಸಿಂಪಡಿಸಿ, ಹತ್ತು ದಿನದ ಅಂತರದಲ್ಲಿ ಮೂರು ಸಲ. ಎಳೆ ಚಿಗುರಿಗೆ ಮೊದಲ ಸಲ ಅರ್ಧ ಪ್ರಮಾಣ ಹಾಕಿ ನೋಡಿ. ಫೆರಸ್ ಸಲ್ಫೇಟನ್ನು ಎರಿ ಮಣ್ಣಿಗೆ ಸುರಿದರೆ ಸುಣ್ಣ ಅದನ್ನು ಕೆಲವೇ ದಿನದಲ್ಲಿ ತುಕ್ಕಾಗಿಸುತ್ತದೆ. ಮಣ್ಣಿಗೇ ಕೊಡಬೇಕೆಂದರೆ ಇ.ಡಿ.ಡಿ.ಎಚ್.ಎ. ರೂಪದ ಕಬ್ಬಿಣ ಕೇಳಿ, ತುಟ್ಟಿಯಾದರೂ ಸುಣ್ಣದ ಮಣ್ಣಿನಲ್ಲಿ ಅದು ಕೆಲಸ ಮಾಡುತ್ತದೆ.

ಕೀಟದ ಮಾತು ಚುಟುಕಾಗಿ. ಮಾರ್ಚ್‌ನಿಂದ ಮೇವರೆಗೆ ಜೇಡನುಸಿ: ಎಲೆಯ ಕೆಳಮೈಯಲ್ಲಿ ನವಿರಾದ ಬಲೆ, ಮೇಲ್ಮೈಯಲ್ಲಿ ಧೂಳು ಕೂತಂತೆ ಮಂಕು. ಮುಂಜಾನೆ ಕೆಳಗಿನಿಂದ ಮೇಲಕ್ಕೆ ಮಳೆನೀರು ಜೋರಾಗಿ ಹಾಯಿಸಿ, ವಾರಕ್ಕೆರಡು ಸಲ. ನೀರಿನಲ್ಲಿ ಕರಗುವ ಗಂಧಕವನ್ನು ಬೇಸಿಗೆಯ ಬಿಸಿಯಲ್ಲಿ ಹೊಡೆದರೆ ಎಲೆ ಸುಡುತ್ತದೆ, ಅದನ್ನು ಚಳಿಗಾಲದ ಬೂದಿ ರೋಗಕ್ಕೆ ಲೀಟರಿಗೆ 2 ಗ್ರಾಂನಂತೆ ಇಟ್ಟುಕೊಳ್ಳಿ. ಗಾಳಿತಡೆ ಕಟ್ಟಿದ ಮೇಲೆ ಒಳಗೆ ತೇವ ಹೆಚ್ಚು ಹೊತ್ತು ನಿಲ್ಲುವುದರಿಂದ ಸೆಪ್ಟೆಂಬರ್‌ನಲ್ಲಿ ಕಪ್ಪು ಚುಕ್ಕೆ ಬರುವ ಸಂಭವ ಇದೆ. ಉದುರಿದ ಎಲೆ ಆರಿಸಿ ಸುಡಿ, ಗಿಡಗಳನ್ನು ಎರಡೂವರೆ ಅಡಿಗಿಂತ ಒತ್ತಾಗಿ ಇಡಬೇಡಿ.

ಕಳೆದುಕೊಂಡ ಎರಡು ಗಿಡಗಳ ಜಾಗಕ್ಕೆ ಏನು ತರಬೇಕು? ತಾಜ್ ಮಹಲ್, ಫಸ್ಟ್ ರೆಡ್ ಥರದ ಉದ್ದ ಕಡ್ಡಿಯ ಹೂವಿನವು ಪಾಲಿಹೌಸಿಗೆ ಹುಟ್ಟಿದವು, ಬಯಲಿಗಲ್ಲ. ಕುಳ್ಳಗೆ ಪೊದೆಯಾಗಿ ಗೊಂಚಲು ಹೂ ಬಿಡುವ ಫ್ಲೋರಿಬಂಡಾಗಳು ಗಾಳಿಗೆ ಚೆನ್ನಾಗಿ ತಾಳುತ್ತವೆ. ಬಿಳಿ ಐಸ್‌ಬರ್ಗ್‌ಗೆ ಮುಳ್ಳು ಕಡಿಮೆ, ಎಲೆ ತನ್ನ ಮುಳ್ಳಿಗೇ ಹರಿಯುವುದಿಲ್ಲ. ಪೂಜೆಗೆ, ಜಡೆಗೆ ಹೂ ಬೇಕೆಂದರೆ ಬಟನ್ ಗುಲಾಬಿ ಅಥವಾ ಪನ್ನೀರಿನ ಎಡ್ವರ್ಡ್. ಎಡ್ವರ್ಡ್ ಕಡ್ಡಿಯಿಂದಲೇ ಬೇರೊಡೆಯುವುದರಿಂದ ಕಸಿಯ ಗಂಟೂ ಇಲ್ಲ, ಮುರಿಯುವ ಭಯವೂ ಇಲ್ಲ, ಬುಡದಿಂದ ಏನೇ ಎದ್ದರೂ ಅದೂ ಎಡ್ವರ್ಡೇ. ಕಸಿ ಗಿಡವೇ ಕೊಳ್ಳುವುದಾದರೆ ಬುಡ ಯಾವುದೆಂದು ಕೇಳಿ: ಇಂಡಿಕಾ ಒಡೊರಾಟಾ ಸುಣ್ಣದ ಮಣ್ಣಿಗೆ ಒಗ್ಗುತ್ತದೆ, ಮಲ್ಟಿಫ್ಲೋರಾ ಬುಡದ್ದು ಬೇಗ ಹಳದಿಯಾಗುತ್ತದೆ. ನರ್ಸರಿಯಲ್ಲಿ ಹೂ ನೋಡಿ ಮರುಳಾಗುವ ಮೊದಲು ಚೀಲ ಎತ್ತಿ ಬಲಗೈಯಿಂದ ಕಸಿಯ ಗಂಟನ್ನು ಒಮ್ಮೆ ಮೆಲ್ಲಗೆ ಒತ್ತಿ ನೋಡಿ. ಪ್ಲಾಸ್ಟಿಕ್ ಪಟ್ಟಿ ಇನ್ನೂ ಸುತ್ತಿಕೊಂಡಿದ್ದು, ಒತ್ತಿದರೆ ಸಂದು ಬಿಡುವಂತಿದ್ದರೆ ಅಲ್ಲೇ ಇಟ್ಟು ಬನ್ನಿ. ಸುತ್ತಲೂ ತೊಗಟೆ ಉಬ್ಬಿ ಕೂಡಿಕೊಂಡು, ಎರಡು ಮೂರು ಕೊಂಬೆ ಬಂದ ಗಿಡವನ್ನು ಆರಿಸಿ, ಅದರಲ್ಲಿ ಹೂ ಇಲ್ಲದಿದ್ದರೂ ಚಿಂತೆಯಿಲ್ಲ.